ಅಧ್ಯಕ್ಷರ ಹೆಸರಿಲ್ಲದ ಮತಪತ್ರ: ಅಮೆರಿಕದ ಮಧ್ಯಂತರ ಚುನಾವಣೆಯ ಒಳಲೆಕ್ಕ

2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ. 9.1 ಮುಟ್ಟಿತ್ತು. ನಲವತ್ತು ವರ್ಷಗಳಲ್ಲಿ ಅದು ಅಷ್ಟು ಏರಿರಲಿಲ್ಲ. ಪೆಟ್ರೋಲ್ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಅಧ್ಯಕ್ಷ ಜೋ ಬೈಡನ್ ಅವರ ಕೆಲಸ ಚೆನ್ನಾಗಿದೆ ಎನ್ನುವವರು ಹತ್ತು ಜನರಲ್ಲಿ ನಾಲ್ವರು ಮಾತ್ರ. ನವೆಂಬರ್‌ನಲ್ಲಿ ಮಧ್ಯಂತರ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ತಿನ ಚುನಾವಣೆ ಇತ್ತು. ವಿರೋಧ ಪಕ್ಷವಾದ ರಿಪಬ್ಲಿಕನ್ನರ 'ಕೆಂಪು ಅಲೆ' ಬಂದೇ ಬರುತ್ತದೆ ಎಂದು ಬಹಳಷ್ಟು ಜನ ನಂಬಿದ್ದರು. ಎಣಿಕೆ ಮುಗಿದಾಗ ಕೆಳಮನೆಯಲ್ಲಿ ಅವರಿಗೆ ಹೆಚ್ಚಿಗೆ ಸಿಕ್ಕಿದ್ದು 9 ಸೀಟು. ಮೇಲ್ಮನೆ ಸೆನೆಟ್‌ನಲ್ಲಂತೂ ಒಂದು ಸೀಟು ಕೈಬಿಟ್ಟೇ ಹೋಯಿತು.

ಹನ್ನೆರಡು ವರ್ಷ ಹಿಂದಿನ 2010ರ ಚುನಾವಣೆಯನ್ನು ಇದರ ಪಕ್ಕ ಇಟ್ಟು ನೋಡಿ. ಆಗ ಬರಾಕ್ ಒಬಾಮಾ ಅವರ ಜನಪ್ರಿಯತೆ ಬೈಡನ್‌ಗಿಂತ ಸ್ವಲ್ಪ ಮೇಲೇ ಇತ್ತು. ಆದರೂ ಅವರ ಡೆಮಾಕ್ರಟಿಕ್ ಪಕ್ಷ 63 ಸೀಟು ಕಳೆದುಕೊಂಡಿತು.

ಇದಕ್ಕೆ ಒಂದು ಸರಳ ಕಾರಣ ಇದೆ. ಹಿಂದಿನ ಚುನಾವಣೆಯಲ್ಲಿ ಜಾಸ್ತಿ ಗೆದ್ದವರಿಗೆ ಕಳೆದುಕೊಳ್ಳುವುದಕ್ಕೂ ಜಾಸ್ತಿ ಇರುತ್ತದೆ. 2008ರ ಒಬಾಮಾ ಅಲೆಯಲ್ಲಿ ಡೆಮಾಕ್ರಟರು ತಮ್ಮದಲ್ಲದ ಊರುಗಳಲ್ಲೂ ಗೆದ್ದಿದ್ದರು. ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಗೆ ಹೆಚ್ಚು ಮತ ಕೊಟ್ಟಿದ್ದ ನಲವತ್ತಕ್ಕೂ ಹೆಚ್ಚು ಕ್ಷೇತ್ರಗಳು ಅವರ ಕೈಯಲ್ಲಿದ್ದವು. ಅಂಥ ಸೀಟುಗಳೇ ಮೊದಲು ಹೋಗುವುದು. 2020ರಲ್ಲಿ ಅವರಿಗೆ ಸಿಕ್ಕಿದ್ದೇ 222 ಸೀಟು. ಹಾಗಾಗಿ 2022ರಲ್ಲಿ ಬೀಳುವುದಕ್ಕೆ ಎತ್ತರವೇ ಕಡಿಮೆ ಇತ್ತು.

ಆದರೆ ಸೀಟಿನ ಲೆಕ್ಕ ಒಂದರಿಂದಲೇ ಎಲ್ಲವೂ ಅರ್ಥವಾಗುವುದಿಲ್ಲ. ಮಧ್ಯಂತರ ಚುನಾವಣೆಯ ಮತಪತ್ರದಲ್ಲಿ ಅಧ್ಯಕ್ಷರ ಹೆಸರು ಇರುವುದಿಲ್ಲ. ಆದರೂ ವಿರೋಧ ಪಕ್ಷ ಊರೂರಿಗೆ ಹೋಗಿ ಕೇಳುವುದು ಒಂದೇ ಪ್ರಶ್ನೆ: 'ಅಧ್ಯಕ್ಷರ ಆಡಳಿತ ನಿಮಗೆ ಹಿಡಿಸಿತಾ?' ಅಧ್ಯಕ್ಷರ ಪಕ್ಷ ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ ಬೇರೊಂದನ್ನು ಕೇಳುತ್ತದೆ: 'ನಮ್ಮ ಎದುರಾಳಿಗಳು ಬಂದರೆ ಏನಾಗುತ್ತದೆ ಗೊತ್ತಾ?' ಯಾರ ಪ್ರಶ್ನೆ ಜನರ ಮನಸ್ಸಿನಲ್ಲಿ ಉಳಿಯಿತೋ ಅವರು ಅರ್ಧ ಗೆದ್ದಂತೆ. ಕೋಟ್ಯಂತರ ಡಾಲರ್ ಜಾಹೀರಾತು, ಅಭ್ಯರ್ಥಿಗಳ ಹುಡುಕಾಟ, ಕ್ಷೇತ್ರಗಳ ನಕ್ಷೆಯ ಜಗಳ ಎಲ್ಲವೂ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಎರಡು ವರ್ಷಕ್ಕೊಮ್ಮೆ ಪರೀಕ್ಷೆ

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆ, ಅಂದರೆ ಹೌಸ್‌ನಲ್ಲಿ 435 ಸೀಟುಗಳಿವೆ. ಎಲ್ಲರ ಅವಧಿಯೂ ಎರಡೇ ವರ್ಷ. ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ ಇದ್ದಾರೆ. ಅವರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗಕ್ಕೆ ಚುನಾವಣೆ ನಡೆಯುತ್ತದೆ. ಅಧ್ಯಕ್ಷರದು ನಾಲ್ಕು ವರ್ಷ. ಹೀಗಾಗಿ ಪ್ರತಿ ಅಧ್ಯಕ್ಷರ ಅವಧಿಯ ನಟ್ಟನಡುವೆ ಒಂದು ಸಂಸತ್ ಚುನಾವಣೆ ತಪ್ಪದೆ ಬರುತ್ತದೆ. ಸರ್ಕಾರ ಬಿದ್ದು ನಡೆಯುವ ಚುನಾವಣೆ ಇದಲ್ಲ. ಯುದ್ಧ ಇರಲಿ, ಮಂದಗತಿ ಇರಲಿ, ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ, ಮತದಾನ ಆಗಲೇಬೇಕು. 2026ರಲ್ಲಿ ಆ ದಿನ ನವೆಂಬರ್ 3.

ಕಳೆದ ನೂರು ವರ್ಷಗಳಲ್ಲಿ ಅಧ್ಯಕ್ಷರ ಪಕ್ಷ ಮಧ್ಯಂತರದಲ್ಲಿ ಹೌಸ್ ಸೀಟುಗಳನ್ನು ಹೆಚ್ಚಿಸಿಕೊಂಡಿದ್ದು ಮೂರೇ ಸಲ: 1934, 1998 ಮತ್ತು 2002. ಉಳಿದ ಎಲ್ಲ ಸಲವೂ ನಷ್ಟವೇ. 1994ರಲ್ಲಿ ಬಿಲ್ ಕ್ಲಿಂಟನ್ ಪಕ್ಷ 54 ಸೀಟು ಕಳೆದುಕೊಂಡಿತು. ನಲವತ್ತು ವರ್ಷ ತಮ್ಮ ಹಿಡಿತದಲ್ಲಿದ್ದ ಹೌಸನ್ನು ಡೆಮಾಕ್ರಟರು ಬಿಟ್ಟುಕೊಟ್ಟರು. 2006ರಲ್ಲಿ ಇರಾಕ್ ಯುದ್ಧದ ಸಿಟ್ಟು ಜಾರ್ಜ್ ಬುಷ್ ಪಕ್ಷದ ಮೇಲೆ ತಿರುಗಿತು. 2018ರಲ್ಲಿ ಡೊನಾಲ್ಡ್ ಟ್ರಂಪ್ ಪಕ್ಷ ಸುಮಾರು 40 ಸೀಟು ಸೋತಿತು.

ಯಾಕೆ ಹೀಗೆ? ಸಿಟ್ಟಾದವರು ಮತಗಟ್ಟೆಗೆ ಬರುತ್ತಾರೆ, ತೃಪ್ತರಾದವರು ಮನೆಯಲ್ಲಿ ಉಳಿಯುತ್ತಾರೆ. ಮುಖ್ಯ ಕಾರಣ ಇಷ್ಟೇ. ಈಚಿನ ಅಧ್ಯಕ್ಷರ ಚುನಾವಣೆಗಳಲ್ಲಿ ಸುಮಾರು ಶೇ. 60ರಿಂದ 66ರಷ್ಟು ಅರ್ಹರು ಮತ ಹಾಕಿದ್ದಾರೆ. ಮಧ್ಯಂತರದಲ್ಲಿ ಈ ಸಂಖ್ಯೆ ದಪ್ ಅಂತ ಇಳಿಯುತ್ತದೆ. 2014ರಲ್ಲಿ ಅದು ಶೇ. 37ರ ಆಸುಪಾಸಿನಲ್ಲಿತ್ತು. ಎರಡನೇ ಮಹಾಯುದ್ಧದ ಕಾಲದ ನಂತರ ಅಷ್ಟು ಕಡಿಮೆ ಆಗಿರಲಿಲ್ಲ. ಅಧ್ಯಕ್ಷರನ್ನು ಗೆಲ್ಲಿಸಲು ಬಂದ ಲಕ್ಷಾಂತರ ಜನ ಎರಡು ವರ್ಷದ ನಂತರ ಬರುವುದೇ ಇಲ್ಲ. ಬರುವವರಲ್ಲೂ ಕೆಲವರು, ಒಂದೇ ಪಕ್ಷಕ್ಕೆ ಎಲ್ಲ ಅಧಿಕಾರ ಬೇಡ, ಸ್ವಲ್ಪ ಕಡಿವಾಣ ಇರಲಿ ಅಂದುಕೊಂಡು ಎದುರಾಳಿಗೆ ಮತ ಹಾಕುತ್ತಾರೆ.

ಈಗ ಆ ಮೂರು ಅಪವಾದಗಳಿಗೆ ಬರೋಣ. 1934ರಲ್ಲಿ ದೇಶ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಶುರು ಮಾಡಿದ್ದ ಪರಿಹಾರ ಕಾರ್ಯಕ್ರಮಗಳು ನಿಂತುಬಿಟ್ಟಾವು ಎಂಬ ಭಯ ಜನರಿಗಿತ್ತು. 1998ರಲ್ಲಿ ರಿಪಬ್ಲಿಕನ್ನರು ಮೋನಿಕಾ ಲೆವಿನ್‌ಸ್ಕಿ ಪ್ರಕರಣ ಹಿಡಿದು ಕ್ಲಿಂಟನ್ ಅವರ ಮಹಾಭಿಯೋಗಕ್ಕೆ ಹೊರಟರು. ಆಗ ಆರ್ಥಿಕತೆ ಚೆನ್ನಾಗಿತ್ತು. ಜನರಿಗೆ ಅಧ್ಯಕ್ಷರ ನಡತೆ ಇಷ್ಟವಾಗದಿದ್ದರೂ ಅವರನ್ನು ಕಿತ್ತುಹಾಕುವ ಹಟ ಇನ್ನೂ ಇಷ್ಟವಾಗಲಿಲ್ಲ. ಡೆಮಾಕ್ರಟರಿಗೆ 5 ಸೀಟು ಹೆಚ್ಚಾಯಿತು. ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಕೆಲವೇ ದಿನಗಳಲ್ಲಿ ಸ್ಥಾನ ಬಿಡುವುದಾಗಿ ಹೇಳಿದರು. 2002ರಲ್ಲಿ ಸೆಪ್ಟೆಂಬರ್ 11ರ ದಾಳಿಯ ನೆನಪು ಹಸಿಯಾಗಿತ್ತು. ಭದ್ರತೆಯ ಮಾತು ಉಳಿದ ಎಲ್ಲ ಮಾತುಗಳನ್ನು ಮುಚ್ಚಿಹಾಕಿತು. ಮೂರು ಸಲವೂ 'ಅಧ್ಯಕ್ಷರು ಹೇಗಿದ್ದಾರೆ' ಎಂಬ ಮಾಮೂಲಿ ಪ್ರಶ್ನೆಯ ಜಾಗದಲ್ಲಿ ಬೇರೊಂದು ಪ್ರಶ್ನೆ ಬಂದು ಕೂತಿತ್ತು.

2022ರಲ್ಲೂ ಹಾಗೇ ಆಯಿತು. ಆ ವರ್ಷದ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ನಿರ್ಧಾರ ರಾಜ್ಯಗಳ ಕೈಗೆ ಹೋಯಿತು. ಆಗಸ್ಟ್‌ನಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಇದೇ ವಿಷಯಕ್ಕೆ ಜನಮತ ನಡೆಯಿತು. 1964ರ ನಂತರ ಅಧ್ಯಕ್ಷ ಸ್ಥಾನಕ್ಕೆ ಒಮ್ಮೆಯೂ ಡೆಮಾಕ್ರಟರನ್ನು ಗೆಲ್ಲಿಸದ ರಾಜ್ಯ ಅದು. ಅಲ್ಲೇ ಶೇ. 59ರಷ್ಟು ಜನ ಗರ್ಭಪಾತದ ಹಕ್ಕು ಉಳಿಯಲಿ ಎಂದರು. ಅಧಿಕಾರದಲ್ಲಿ ಇಲ್ಲದ ರಿಪಬ್ಲಿಕನ್ನರು ಇದ್ದಕ್ಕಿದ್ದಂತೆ ದೇಶದ ದಿಕ್ಕು ಬದಲಿಸುತ್ತಿರುವವರಂತೆ ಕಾಣತೊಡಗಿದರು.

ಇದರ ಪರಿಣಾಮ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಮಿಷಿಗನ್‌ನಲ್ಲಿ ಗರ್ಭಪಾತದ ಹಕ್ಕೇ ಮತಪತ್ರದಲ್ಲಿತ್ತು. ಅಲ್ಲಿ ಡೆಮಾಕ್ರಟರು ಗವರ್ನರ್ (ಜನರೇ ಆರಿಸುವ ರಾಜ್ಯ ಸರ್ಕಾರದ ಮುಖ್ಯಸ್ಥ) ಸ್ಥಾನ ಉಳಿಸಿಕೊಂಡರು, ಸುಮಾರು ನಲವತ್ತು ವರ್ಷಗಳ ನಂತರ ರಾಜ್ಯ ಶಾಸಕಾಂಗದ ಎರಡೂ ಮನೆಗಳನ್ನು ಗೆದ್ದರು. ನ್ಯೂಯಾರ್ಕ್‌ನಲ್ಲಿ ಆ ಹಕ್ಕಿಗೆ ಅಪಾಯ ಇರಲಿಲ್ಲ. ರಿಪಬ್ಲಿಕನ್ನರು ಅಪರಾಧ ಮತ್ತು ಬೆಲೆ ಏರಿಕೆಯ ಮಾತು ಹಿಡಿದರು. ಆ ರಾಜ್ಯದಲ್ಲಿ ಅವರಿಗೆ ಹಲವು ಸೀಟು ಸಿಕ್ಕವು. ಇಡೀ ದೇಶದಲ್ಲಿ ಡೆಮಾಕ್ರಟರ ಹೌಸ್ ಪ್ರಚಾರದ ಹೊಣೆ ಹೊತ್ತಿದ್ದ ಶಾನ್ ಪ್ಯಾಟ್ರಿಕ್ ಮಲೋನಿ ಅಲ್ಲಿ ತಮ್ಮ ಸ್ವಂತ ಸೀಟನ್ನೇ ಸೋತರು.

ಒಂದು ಕ್ಷೇತ್ರದ ಕಥೆ

ಅಭ್ಯರ್ಥಿ ಯಾರು ಎಂಬುದು ಎಷ್ಟು ಮುಖ್ಯ ಅಂತ ತಿಳಿಯಲು ವರ್ಜೀನಿಯಾದ 7ನೇ ಕ್ಷೇತ್ರಕ್ಕೆ ಹೋಗಬೇಕು. ರಿಚ್ಮಂಡ್ ನಗರದ ಹೊರವಲಯ ಮತ್ತು ಸುತ್ತಲಿನ ಹಳ್ಳಿಗಳು ಆಗ ಅದರಲ್ಲಿದ್ದವು. ದಶಕಗಳಿಂದ ರಿಪಬ್ಲಿಕನ್ ಕೋಟೆ. ಸಂಸದರಾಗಿದ್ದವರು ಎರಿಕ್ ಕ್ಯಾಂಟರ್. ಹೌಸ್‌ನಲ್ಲಿ ಸ್ಪೀಕರ್ ಬಿಟ್ಟರೆ ಪಕ್ಷದ ಎರಡನೇ ದೊಡ್ಡ ನಾಯಕ.

ಅಮೆರಿಕದಲ್ಲಿ ಹೈಕಮಾಂಡ್ ಟಿಕೆಟ್ ಹಂಚುವ ಪದ್ಧತಿ ಇಲ್ಲ. ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. 2014ರ ಜೂನ್‌ನಲ್ಲಿ ಕ್ಯಾಂಟರ್ ಎದುರು ನಿಂತವರು ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು. ಕ್ಯಾಂಟರ್ ವಲಸಿಗರ ವಿಷಯದಲ್ಲಿ ಮೆತ್ತಗಾಗಿದ್ದಾರೆ, ದಿಲ್ಲಿಯಂತಿರುವ ವಾಷಿಂಗ್ಟನ್‌ನಲ್ಲೇ ಕಳೆದುಹೋಗಿದ್ದಾರೆ ಎಂಬುದು ಅವರ ದೂರು. ಹಣದ ವಿಷಯದಲ್ಲಿ ಇಬ್ಬರಿಗೂ ಹೋಲಿಕೆಯೇ ಇರಲಿಲ್ಲ. ಆದರೆ ಪ್ರೈಮರಿಯಲ್ಲಿ ಮತ ಹಾಕಿದ್ದು ಸುಮಾರು 65 ಸಾವಿರ ಜನ ಮಾತ್ರ. ಅಷ್ಟು ಸಣ್ಣ ಗುಂಪಿನಲ್ಲಿ ಹಟ ಹಿಡಿದವರದ್ದೇ ಕೈ ಮೇಲಾಗುತ್ತದೆ. ಕ್ಯಾಂಟರ್ ಸೋತರು.

ಪಕ್ಷದ ಕಟ್ಟಾ ಬೆಂಬಲಿಗರಿಗೆ ಇಷ್ಟವಾಗಿದ್ದ ಬ್ರ್ಯಾಟ್‌ಗೆ 2018 ಬೇರೆ ಥರದ ಪರೀಕ್ಷೆ ಒಡ್ಡಿತು. ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಿತ್ತುಹಾಕುವ ಮಸೂದೆ 2017ರ ಮೇ ತಿಂಗಳಲ್ಲಿ ಹೌಸ್‌ನಲ್ಲಿ 217-213ರಿಂದ ಪಾಸಾಗಿತ್ತು. ಬ್ರ್ಯಾಟ್ ಅದರ ಪರ ಮತ ಹಾಕಿದ್ದರು. ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ಸಿಗುತ್ತದೋ ಇಲ್ಲವೋ ಎಂಬ ಆತಂಕ ಮಧ್ಯಮ ವರ್ಗದ ಮನೆಗಳಿಗೆ ತಟ್ಟಿತು. ಡೆಮಾಕ್ರಟರು ನಿಲ್ಲಿಸಿದ್ದು ಅಬಿಗೇಲ್ ಸ್ಪ್ಯಾನ್‌ಬರ್ಗರ್ ಅವರನ್ನು. ಸಿಐಎಯಲ್ಲಿ ಕೆಲಸ ಮಾಡಿದ್ದವರು. ಅವರು ಟ್ರಂಪ್ ಹೆಸರನ್ನು ಜಪಿಸುತ್ತಾ ಕೂರಲಿಲ್ಲ. ಆರೋಗ್ಯ ವಿಮೆ, ಹಳ್ಳಿಗಳಿಗೆ ಇಂಟರ್‌ನೆಟ್ ಎಂದು ಮಾತಾಡಿದರು. ತಮ್ಮದೇ ಪಕ್ಷದ ನ್ಯಾನ್ಸಿ ಪೆಲೋಸಿ ಸ್ಪೀಕರ್ ಆಗುವುದಕ್ಕೆ ತಾನು ಮತ ಹಾಕುವುದಿಲ್ಲ ಎಂದೂ ಹೇಳಿದರು. ಈ ಸಲ ಮತ ಹಾಕಿದವರು ಮೂರೂವರೆ ಲಕ್ಷದಷ್ಟು. ಸ್ಪ್ಯಾನ್‌ಬರ್ಗರ್ ಗೆದ್ದಿದ್ದು 6,800 ಮತಗಳ ಆಸುಪಾಸಿನ ಅಂತರದಿಂದ. ಏಳು ವರ್ಷದ ನಂತರ, 2025ರ ನವೆಂಬರ್‌ನಲ್ಲಿ, ಅವರೇ ವರ್ಜೀನಿಯಾದ ಗವರ್ನರ್ ಆಗಿ ಆಯ್ಕೆಯಾದರು.

65 ಸಾವಿರ ಜನರ ಪ್ರೈಮರಿಯಲ್ಲಿ ಗೆದ್ದ ಅಭ್ಯರ್ಥಿ ಮೂರೂವರೆ ಲಕ್ಷ ಜನರಿಗೂ ಇಷ್ಟವಾಗಬೇಕೆಂದಿಲ್ಲ. ಎರಡೂ ಪಕ್ಷಗಳ ತಲೆನೋವಿನ ಮೂಲ ಇದು. 2006ರಲ್ಲಿ ಡೆಮಾಕ್ರಟರ ಹೌಸ್ ಪ್ರಚಾರ ನಡೆಸಿದ ರಾಮ್ ಇಮ್ಯಾನ್ಯುಯೆಲ್ ಇದನ್ನು ಚೆನ್ನಾಗಿ ಅರಿತಿದ್ದರು. ಸಂಪ್ರದಾಯಸ್ಥ ಊರುಗಳಿಗೆ ಮಾಜಿ ಸೈನಿಕರನ್ನು, ಫುಟ್‌ಬಾಲ್ ಆಟಗಾರನನ್ನು ಹುಡುಕಿ ನಿಲ್ಲಿಸಿದರು. ಗೆಲ್ಲಬಹುದಾದ ಕ್ಷೇತ್ರಗಳಿಗೆ ಮಾತ್ರ ಹಣ ಹೋಗಲಿ ಎಂಬುದು ಅವರ ವಾದ. ಪಕ್ಷದ ಅಧ್ಯಕ್ಷ ಹೋವರ್ಡ್ ಡೀನ್ ಇದಕ್ಕೆ ಒಪ್ಪಲಿಲ್ಲ. ಐವತ್ತೂ ರಾಜ್ಯಗಳಲ್ಲಿ ಕಾರ್ಯಕರ್ತರನ್ನು ಬೆಳೆಸಬೇಕು, ಇವತ್ತು ಸೋತರೂ ನಾಳೆಗೆ ಬೇಕು ಎಂದರು. ಇಬ್ಬರೂ ಜೋರಾಗಿಯೇ ಜಗಳವಾಡಿದರು. ಪಕ್ಷ ಎರಡೂ ಮನೆಗಳನ್ನು ಗೆದ್ದಿದ್ದರಿಂದ ಇಬ್ಬರೂ ತಾವೇ ಸರಿ ಎನ್ನಬಹುದಾಗಿತ್ತು. ನನಗೆ ಡೀನ್ ವಾದ ಹೆಚ್ಚು ಸರಿ ಅನಿಸುತ್ತದೆ. ಅಲೆ ಎಲ್ಲಿ ಏಳುತ್ತದೆ ಅಂತ ವರ್ಷ ಮೊದಲೇ ಯಾರಿಗೂ ತಿಳಿಯುವುದಿಲ್ಲ. ಎದ್ದಾಗ ಅಲ್ಲಿ ಒಬ್ಬ ಒಳ್ಳೆಯ ಅಭ್ಯರ್ಥಿ ಇರಬೇಕಷ್ಟೇ.

ರಿಪಬ್ಲಿಕನ್ನರು 2022ರಲ್ಲಿ ಎಡವಿದ್ದು ಇಲ್ಲೇ. ಜಾರ್ಜಿಯಾದಲ್ಲಿ ಅವರ ಗವರ್ನರ್ ಬ್ರಯಾನ್ ಕೆಂಪ್ ಸುಲಭವಾಗಿ ಗೆದ್ದರು. ಅದೇ ರಾಜ್ಯದಲ್ಲಿ ಟ್ರಂಪ್ ಬೆಂಬಲಿಸಿದ್ದ ಮಾಜಿ ಫುಟ್‌ಬಾಲ್ ತಾರೆ ಹರ್ಷಲ್ ವಾಕರ್ ಸೆನೆಟ್‌ಗೆ ನಿಂತು ಸೋತರು. ಪೆನ್ಸಿಲ್ವೇನಿಯಾದಲ್ಲಿ ಟಿವಿ ವೈದ್ಯ ಮೆಹ್ಮತ್ ಓಝ್ ಕೂಡ ಸೋತರು. ಕೆಂಪ್‌ಗೆ ಮತ ಹಾಕಿದವರಲ್ಲೇ ಬಹಳಷ್ಟು ಜನ ವಾಕರ್‌ಗೆ ಹಾಕಲಿಲ್ಲ.

ಆ ವರ್ಷ ಡೆಮಾಕ್ರಟರು ಮಾಡಿದ ಒಂದು ಕೆಲಸವನ್ನು ಮಾತ್ರ ಒಪ್ಪುವುದು ಕಷ್ಟ. ಮಿಷಿಗನ್‌ನ 3ನೇ ಕ್ಷೇತ್ರದ ರಿಪಬ್ಲಿಕನ್ ಸಂಸದ ಪೀಟರ್ ಮೈಯರ್, 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಗಲಭೆಯ ನಂತರ ಟ್ರಂಪ್ ಮಹಾಭಿಯೋಗದ ಪರ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರು. ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲಿಸಿದ ಜಾನ್ ಗಿಬ್ಸ್ ಇದ್ದರು. ಗಿಬ್ಸ್ ಗೆದ್ದರೆ ನವೆಂಬರ್‌ನಲ್ಲಿ ಸೋಲಿಸುವುದು ಸುಲಭ ಎಂದು ಲೆಕ್ಕ ಹಾಕಿ, ಡೆಮಾಕ್ರಟರ ಸಮಿತಿಯೇ ಗಿಬ್ಸ್ ಹೆಸರು ಮೆರೆಸುವ ಜಾಹೀರಾತಿಗೆ 4 ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಲೆಕ್ಕ ಫಲಿಸಿತು. ಮೈಯರ್ ಸೋತರು, ನಂತರ ಗಿಬ್ಸ್ ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಶೋಲ್ಟನ್ ಎದುರು ಸೋತರು. ಆದರೆ ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ಯಾರ ಬಗ್ಗೆ ಕೂಗುತ್ತೀರೋ ಅವರಿಗೇ ಹಣ ಹಾಕುವುದು, ಮನಸ್ಸಾಕ್ಷಿಯಂತೆ ನಡೆದ ಎದುರಾಳಿಯನ್ನು ಮನೆಗೆ ಕಳಿಸುವುದು ತಪ್ಪೇ. ಸೀಟು ಬಂತು ಅನ್ನುವುದು ಅದಕ್ಕೆ ಉತ್ತರ ಆಗುವುದಿಲ್ಲ.

ನಕ್ಷೆ ಬರೆಯುವವರ ಕೈ

435 ಸೀಟುಗಳಲ್ಲಿ ನಿಜವಾಗಿಯೂ ಪೈಪೋಟಿ ಇರುವುದು ನಲವತ್ತರ ಆಸುಪಾಸಿನಲ್ಲಿ ಮಾತ್ರ. 2024ರಲ್ಲಿ ಟ್ರಂಪ್‌ಗೆ ಹೆಚ್ಚು ಮತ ಬಂದ ಕ್ಷೇತ್ರಗಳಲ್ಲಿ 13 ಡೆಮಾಕ್ರಟರು ಗೆದ್ದರು. ಕಮಲಾ ಹ್ಯಾರಿಸ್ ಮುಂದಿದ್ದ ಕ್ಷೇತ್ರಗಳಲ್ಲಿ ಮೂವರು ರಿಪಬ್ಲಿಕನ್ನರು ಗೆದ್ದರು. ಉಳಿದ ಕಡೆ ಎಲ್ಲ ಅಧ್ಯಕ್ಷ ಸ್ಥಾನಕ್ಕೆ ಯಾವ ಪಕ್ಷಕ್ಕೆ ಹೆಚ್ಚು ಮತ ಬಿತ್ತೋ ಸಂಸದರೂ ಅದೇ ಪಕ್ಷದವರು. ಇಂಥ ಭದ್ರ ಕ್ಷೇತ್ರಗಳಲ್ಲಿ ನವೆಂಬರ್ ಬರೀ ಶಾಸ್ತ್ರ. ನಿಜವಾದ ಚುನಾವಣೆ ಪ್ರೈಮರಿಯೇ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ ಸಂಸದರಾಗಿದ್ದೂ ಹೀಗೇ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತಗಳು ಹಲವರ ನಡುವೆ ಹಂಚಿಹೋದವು. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮತ ಪಡೆದ ಥಾಣೇದಾರ್ ಗೆದ್ದರು. ಅಲ್ಲಿಗೆ ಸೀಟು ಅವರದ್ದಾಯಿತು.

ಇಷ್ಟೊಂದು ಭದ್ರ ಕ್ಷೇತ್ರಗಳು ಯಾಕಿವೆ? ಒಂದು ಕಾರಣ, ನಗರದವರು ಒಂದು ಪಕ್ಷ, ಹಳ್ಳಿಯವರು ಇನ್ನೊಂದು ಪಕ್ಷ ಎಂದು ಜನ ತಾವೇ ಬೇರೆಯಾಗಿದ್ದಾರೆ. ಇನ್ನೊಂದು ಕಾರಣ ನಕ್ಷೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಕ್ಷೇತ್ರಗಳ ಗಡಿ ಹೊಸದಾಗಿ ಬರೆಯುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಈ ಕೆಲಸ ಶಾಸಕಾಂಗದ್ದು. ಅಂದರೆ ಅಧಿಕಾರದಲ್ಲಿ ಇರುವವರೇ ತಮಗೆ ಬೇಕಾದ ಹಾಗೆ ಗಡಿ ಎಳೆಯಬಹುದು. ಎದುರಾಳಿಯ ಮತದಾರರನ್ನು ಒಂದೆರಡು ಕ್ಷೇತ್ರಗಳಲ್ಲಿ ತುರುಕಿಬಿಡುವುದು, ಮಿಕ್ಕವರನ್ನು ಚೂರುಚೂರಾಗಿ ಹಂಚಿಬಿಡುವುದು, ಇದೇ ಉಪಾಯ. 2010ರ ಅಲೆಯಲ್ಲಿ ರಾಜ್ಯಗಳನ್ನೂ ಗೆದ್ದ ರಿಪಬ್ಲಿಕನ್ನರು ಇದನ್ನು ಶ್ರದ್ಧೆಯಿಂದ ಮಾಡಿದರು. 2012ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡೆಮಾಕ್ರಟರಿಗೇ ಹೆಚ್ಚು ಮತ ಬಿದ್ದರೂ 18ರಲ್ಲಿ 13 ಸೀಟು ರಿಪಬ್ಲಿಕನ್ನರಿಗೆ ಹೋಯಿತು. ರಾಜ್ಯದ ಸುಪ್ರೀಂ ಕೋರ್ಟ್ ಆ ನಕ್ಷೆ ರದ್ದು ಮಾಡಿ ಹೊಸದು ತಂದ ಮೇಲೆ 2018ರಲ್ಲಿ ಫಲಿತಾಂಶ 9-9.

ದೇಶದ ಸುಪ್ರೀಂ ಕೋರ್ಟ್ ಮಾತ್ರ 2019ರಲ್ಲಿ ಕೈ ತೊಳೆದುಕೊಂಡಿತು. ಪಕ್ಷದ ಲಾಭಕ್ಕೆ ಗಡಿ ಎಳೆದಿದ್ದಾರೆ ಎಂಬ ದೂರು ಕೇಂದ್ರದ ಕೋರ್ಟುಗಳು ತೀರ್ಮಾನಿಸುವ ವಿಷಯವಲ್ಲ ಎಂದಿತು. ಇದರ ಪರಿಣಾಮ ಸಣ್ಣದಲ್ಲ. ನಾರ್ತ್ ಕೆರೊಲಿನಾದಲ್ಲಿ 2022ರ ಫಲಿತಾಂಶ 7-7. ಆಮೇಲೆ ರಿಪಬ್ಲಿಕನ್ನರು ನಕ್ಷೆ ಬದಲಿಸಿದರು. 2024ರಲ್ಲಿ 10-4 ಆಯಿತು. ಆ ವರ್ಷ ಇಡೀ ಹೌಸ್‌ನಲ್ಲಿ ಅವರು ಗೆದ್ದಿದ್ದು 220, ಡೆಮಾಕ್ರಟರು 215. ಮೂರು ಸೀಟು ಆ ಕಡೆ ಈ ಕಡೆ ಮಾಡಿ ನೋಡಿ. ಬಹುಮತವೇ ಕೈ ಬದಲಾಗುತ್ತಿತ್ತು.

2025ರಲ್ಲಿ ಇನ್ನೊಂದು ಕಟ್ಟೆ ಒಡೆಯಿತು. ಜನಗಣತಿಗೆ ಕಾಯದೆ, ಟ್ರಂಪ್ ಒತ್ತಾಯದ ಮೇಲೆ, ಟೆಕ್ಸಾಸ್ ತನ್ನ ನಕ್ಷೆ ಬದಲಿಸಿತು. ಐದು ಸೀಟು ಹೆಚ್ಚಿಸಿಕೊಳ್ಳುವುದು ಗುರಿ. ಡೆಮಾಕ್ರಟಿಕ್ ಶಾಸಕರು ಕೋರಂ ಮುರಿಯಲು, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಇಲ್ಲದಂತೆ ಮಾಡಲು, ರಾಜ್ಯ ಬಿಟ್ಟೇ ಹೋದರು. ಆದರೂ ತಡೆಯಲಾಗಲಿಲ್ಲ. ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನಮತದ ಮೂಲಕ ಉತ್ತರ ಕೊಟ್ಟಿತು. ಅಲ್ಲೂ ಐದೇ ಸೀಟಿನ ಲೆಕ್ಕ. ಮಿಸೌರಿ, ನಾರ್ತ್ ಕೆರೊಲಿನಾ ಕೂಡ ಪೆನ್ನು ಹಿಡಿದವು. ಇಂಡಿಯಾನಾದಲ್ಲಿ ಮಾತ್ರ ರಾಜ್ಯ ಸೆನೆಟ್‌ನ ರಿಪಬ್ಲಿಕನ್ನರಲ್ಲೇ ಹಲವರು ಒತ್ತಡಕ್ಕೆ ಮಣಿಯದೆ ಬೇಡ ಎಂದರು. ಅವರ ಬಗ್ಗೆ ನನಗೆ ಗೌರವ ಇದೆ.

ಈ ಆಟದಲ್ಲಿ ಅಪಾಯವೂ ಇದೆ. ಸೀಟು ಹೆಚ್ಚಿಸಬೇಕಾದರೆ ತಮ್ಮ ಮತದಾರರನ್ನು ತೆಳ್ಳಗೆ ಹರಡಬೇಕು. ಟೆಕ್ಸಾಸ್ ನಕ್ಷೆ ನಿಂತಿರುವುದು 2024ರಲ್ಲಿ ಟ್ರಂಪ್ ಕಡೆ ವಾಲಿದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಮತಗಳ ಮೇಲೆ. ಅವರು ಹಿಂದೆ ಸರಿದರೆ ಹೊಸ ಸೀಟುಗಳೇ ಕೈಕೊಡಬಹುದು.

ಸೆನೆಟ್‌ನ ಗಡಿಗಳನ್ನು ಯಾರೂ ತಿದ್ದಲಾಗದು, ರಾಜ್ಯವೇ ಕ್ಷೇತ್ರ. ಅಲ್ಲಿ ಅದೃಷ್ಟ ಇರುವುದು ಯಾವ ವರ್ಷ ಯಾವ ರಾಜ್ಯಗಳ ಸರದಿ ಎಂಬುದರಲ್ಲಿ. 2018ರಲ್ಲಿ ಡೆಮಾಕ್ರಟರಿಗೆ ಹೌಸ್‌ನಲ್ಲಿ ಭರ್ಜರಿ ಗೆಲುವು. ಆದರೆ ಸೆನೆಟ್‌ನಲ್ಲಿ ಮಿಸೌರಿ, ಇಂಡಿಯಾನಾ, ನಾರ್ತ್ ಡಕೋಟಾ, ಫ್ಲಾರಿಡಾ ಸೋತು ಒಟ್ಟಾರೆ ಎರಡು ಸೀಟು ಕಡಿಮೆಯಾಯಿತು. 2026ರ ಸರದಿಯಲ್ಲಿ 35 ಸೀಟುಗಳಿವೆ. ರಿಪಬ್ಲಿಕನ್ನರ ಬಲ 53. ಬಹುಮತಕ್ಕೆ ಡೆಮಾಕ್ರಟರು ನಾಲ್ಕು ಸೀಟು ಕಿತ್ತುಕೊಳ್ಳಬೇಕು, ಜಾರ್ಜಿಯಾ, ಮಿಷಿಗನ್‌ನಂಥ ತಮ್ಮವನ್ನೂ ಉಳಿಸಿಕೊಳ್ಳಬೇಕು. ಮೇನ್, ನಾರ್ತ್ ಕೆರೊಲಿನಾ ಸಿಕ್ಕರೂ ಸಾಲದು. ಒಹಾಯೊದಂಥ ಟ್ರಂಪ್ ಸಲೀಸಾಗಿ ಗೆದ್ದ ರಾಜ್ಯಗಳಲ್ಲೂ ಗೆಲ್ಲಬೇಕು.

ಇನ್ನೊಂದು ಬದಲಾವಣೆಯನ್ನು ಮರೆಯಬಾರದು. ಹಿಂದೆ ಮಧ್ಯಂತರಕ್ಕೆ ತಪ್ಪದೆ ಬರುತ್ತಿದ್ದ ಹಿರಿಯರು, ಓದಿಕೊಂಡವರು ರಿಪಬ್ಲಿಕನ್ನರ ಆಸ್ತಿಯಾಗಿದ್ದರು. ಮತದಾನ ಕಡಿಮೆಯಾದಷ್ಟೂ ಅವರಿಗೆ ಲಾಭ. ಟ್ರಂಪ್ ಬಂದ ಮೇಲೆ ಕಾಲೇಜು ಓದಿದ ಉಪನಗರದ ಜನ ಡೆಮಾಕ್ರಟರ ಕಡೆ ಸರಿದರು. ಕಾಲೇಜು ಮೆಟ್ಟಿಲು ಹತ್ತದ ದುಡಿಯುವ ಜನ ರಿಪಬ್ಲಿಕನ್ನರ ಕಡೆ ಬಂದರು. ಇವರಲ್ಲಿ ಹಲವರು ಟ್ರಂಪ್ ಹೆಸರು ಮತಪತ್ರದಲ್ಲಿ ಇದ್ದರೆ ಮಾತ್ರ ಬರುತ್ತಾರೆ. ಅವರನ್ನು ಅಧ್ಯಕ್ಷರ ಹೆಸರಿಲ್ಲದ ವರ್ಷದಲ್ಲಿ ಹೊರಗೆ ತರುವುದು ರಿಪಬ್ಲಿಕನ್ನರ ದೊಡ್ಡ ಚಿಂತೆ.

ಗೆದ್ದರೆ ಏನು ಸಿಗುತ್ತದೆ?

ಹೌಸ್ ಗೆದ್ದವರಿಗೆ ಸ್ಪೀಕರ್ ಸ್ಥಾನ, ಸಮಿತಿಗಳು, ಸಮನ್ಸ್ ಕಳಿಸಿ ತನಿಖೆ ಮಾಡುವ ಅಧಿಕಾರ ಸಿಗುತ್ತದೆ. ತೆರಿಗೆ ಮಸೂದೆಗಳು ಹುಟ್ಟುವುದೂ ಅಲ್ಲೇ. ಅಧ್ಯಕ್ಷರು ಸೂಚಿಸಿದ ನ್ಯಾಯಾಧೀಶರ ನೇಮಕಕ್ಕೆ ಒಪ್ಪಿಗೆ ಕೊಡುವುದು ಸೆನೆಟ್ ಗೆದ್ದವರ ಕೈಯಲ್ಲಿ ಇರುತ್ತದೆ. 2014ರಲ್ಲಿ ಆ ಕಡಿಮೆ ಮತದಾನದ ನಡುವೆ ರಿಪಬ್ಲಿಕನ್ನರು ಸೆನೆಟ್ ಗೆದ್ದರು. 2016ರಲ್ಲಿ ಒಬಾಮಾ ಸುಪ್ರೀಂ ಕೋರ್ಟ್‌ಗೆ ಮೆರಿಕ್ ಗಾರ್ಲಂಡ್ ಹೆಸರು ಸೂಚಿಸಿದಾಗ ಆ ಸೆನೆಟ್ ವಿಚಾರಣೆಯನ್ನೂ ನಡೆಸಲಿಲ್ಲ. ಆ ಕುರ್ಚಿ ಟ್ರಂಪ್ ಆರಿಸಿದ ನೀಲ್ ಗೋರ್ಸಚ್‌ಗೆ ಹೋಯಿತು. 2022ರ ಗರ್ಭಪಾತದ ತೀರ್ಪಿನಲ್ಲಿ ಅವರೂ ಬಹುಮತದ ಕಡೆ ಇದ್ದರು. 2014ರಲ್ಲಿ ಮನೆಯಲ್ಲಿ ಉಳಿದ ಎಷ್ಟೋ ಜನ 2022ರಲ್ಲಿ ಪ್ರತಿಭಟಿಸಲು ಬೀದಿಗೆ ಇಳಿದಿರಬಹುದು.

ಅಮೆರಿಕದಲ್ಲಿ ಇರುವ ಕನ್ನಡಿಗರಿಗೂ ಇದು ದೂರದ ವಿಷಯ ಅಲ್ಲ. ಕೆಲಸದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಿಗುವುದಿಲ್ಲ. 1990ರ ಕಾನೂನು ಹಾಕಿದ ಮಿತಿ ಅದು. ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗಳು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುವುದು ಇದರಿಂದಲೇ. ಆ ಮಿತಿಯನ್ನು ತೆಗೆಯಬಲ್ಲದ್ದು ಕಾಂಗ್ರೆಸ್ ಮಾತ್ರ. 2018ರಲ್ಲಿ ಆಯ್ಕೆಯಾದ ಹೌಸ್ 2019ರ ಜುಲೈನಲ್ಲಿ ಅದನ್ನು ತೆಗೆಯುವ ಮಸೂದೆಯನ್ನು 365-65 ಮತಗಳಿಂದ ಪಾಸು ಮಾಡಿತ್ತು. ಎರಡೂ ಪಕ್ಷದವರು ಕೈ ಜೋಡಿಸಿದ್ದರು. ಸೆನೆಟ್ ತನ್ನದೇ ಬೇರೆ ರೂಪವನ್ನು ಪಾಸು ಮಾಡುವ ಹೊತ್ತಿಗೆ 2020ರ ಡಿಸೆಂಬರ್ ಬಂತು. ಎರಡನ್ನೂ ಹೊಂದಿಸುವ ಮೊದಲೇ, 2021ರ ಜನವರಿ 3ಕ್ಕೆ, ಆ ಕಾಂಗ್ರೆಸ್‌ನ ಅವಧಿ ಮುಗಿಯಿತು. ಅವಧಿಯ ಜೊತೆಗೆ ಮಸೂದೆಯೂ ಬಿದ್ದುಹೋಯಿತು.